ಉಗಿ ಇಂಜಿನ್ ಚಿಮಣಿಯಿಂದ ಕಿಡಿ ಹಾರದಂಗೆ ಹೆಂಗೆ ತಡೀತಿದ್ರು? ಆಲೆಮನೆಗೆ ಆ ಐಡಿಯಾ ಆಗುತ್ತಾ?

ಕೆರಗೋಡು ಹುಡುಗ:

ಎಲ್ರಿಗೂ ನಮಸ್ಕಾರ, ಪ್ರಶ್ನೆ ವಸಿ ವಿಚಿತ್ರ ಅನ್ನಿಸ್ಬೋದು, ಪೂರ್ತಿ ಓದಿ. ಹೋದ ಭಾನುವಾರ ಮಗಳನ್ನ ಕರ್ಕೊಂಡು ಮೈಸೂರಿನ ರೈಲ್ ಮ್ಯೂಸಿಯಮ್ಮಿಗೆ ಹೋಗಿದ್ದೆ. ಹಳೇ ಇಂಜಿನ್ ಮುಂದ್ಗಡೆ ದೊಡ್ಡ ಗುಂಡು ಬಾಗ್ಲು ಇರ್ತದಲ್ಲ, ಅದ್ಯಾಕಪ್ಪಾ ಅಂತ ಕೇಳಿದ್ಲು. ನಂಗೆ ಗೊತ್ತಿರ್ಲಿಲ್ಲ, ಒಳಗೆ ಗಾಳಿ ಹೋಗಕ್ಕೆ ಕಣವ್ವ ಅಂತ ಏನೋ ಒಂದು ಬುಟ್ಟೆ. ಪಕ್ಕದಲ್ಲಿದ್ದ ವಯಸ್ಸಾದೋರೊಬ್ರು ನಕ್ಬುಟ್ಟು, ಗಾಳಿ ಹೋದ್ರೆ ಇಂಜಿನ್ನೇ ಓಡಲ್ಲ, ಅದು ಬೂದಿ ಬಾಚೋ ಬಾಗ್ಲು, ಒಳಗಡೆ ಕಿಡಿ ಹಿಡಿಯೋ ಜಾಲರಿ ಇರ್ತದೆ ಅಂದ್ರು. ಮಗಳ ಮುಂದೆ ಮರ್ಯಾದೆ ಹೋಯ್ತು ಬುಡಿ.

ಆದ್ರೆ ಆ ಮಾತು ತಲೇಲಿ ಕೂತ್ಬುಡ್ತು, ಯಾಕಂದ್ರೆ ನಮ್ದೊಂದು ಆಲೆಮನೆ ಐತೆ. ಗಾಳಿ ಜಾಸ್ತಿ ಇದ್ದ ದಿನ ಚಿಮಣಿಯಿಂದ ಕಿಡಿ ಹಾರ್ತವೆ, ಹೋದ ಬೇಸಿಗೇಲಿ ಒಣಗಾಕಿದ್ದ ಕಬ್ಬಿನ ಸಿಪ್ಪೆ ಗುಡ್ಡೆ ಮೇಲೆ ಬಿದ್ದು ಅರ್ಧ ಗುಡ್ಡೆ ಹೋಯ್ತು, ಪಕ್ಕದ ಗದ್ದೆಯೋರ ಹುಲ್ಲಿನ ಮೆದೆ ಸ್ವಲ್ಪದ್ರಲ್ಲಿ ಉಳೀತು. ಆಮೇಲೆ ಚಿಮಣಿ ಬಾಯಿಗೆ ಕಬ್ಬಿಣದ ಜಾಲರಿ ಕಟ್ಟಿಸ್ದೆ. ಎಲ್ಡೇ ದಿನ, ಮಸಿ ಹಿಡ್ಕೊಂಡು ಹೊಗೆ ಎಲ್ಲಾ ಒಲೆ ಬಾಯಲ್ಲೇ ವಾಪಸ್ ಬಂತು, ಕೊಪ್ಪರಿಗೆ ಕಾಯ್ಲೇ ಇಲ್ಲ, ಉರಿ ಹಾಕೋ ಅಣ್ಣ ಬಾಯಿಗೆ ಬಂದಂಗೆ ಬೈದು ಕಿತ್ತಾಕ್ದ.

ರೈಲ್ ಇಂಜಿನ್ನಿನೋರು ಅಷ್ಟು ದೊಡ್ಡ ಬೆಂಕಿ ಇಟ್ಕೊಂಡು ಕಬ್ಬಿನ ಗದ್ದೆ ಮಧ್ಯೆನೇ ಓಡ್ತಿದ್ರಲ್ಲ, ಅವ್ರು ಹೆಂಗೆ ಮ್ಯಾನೇಜ್ ಮಾಡ್ತಿದ್ರು? ಗೊತ್ತಿರೋರು ಹೇಳಿ.

ಮೀಟರ್‌ಗೇಜ್ ಮಗ:

ನಮ್ಮಪ್ಪ ಅರಸೀಕೆರೆ ಲೈನಲ್ಲಿ ಫೈರ್‌ಮನ್, ಅಂದ್ರೆ ಇಂಜಿನ್ನಿಗೆ ಕಲ್ಲಿದ್ದಲು ಹಾಕೋರು ಆಗಿದ್ರು, ವೈಪಿ ಅನ್ನೋ ಮೀಟರ್‌ಗೇಜ್ ಉಗಿ ಇಂಜಿನ್ ಮೇಲೆ, ಹಂಗಾಗಿ ಅವ್ರ ಬಾಯಲ್ಲಿ ಕೇಳಿದ್ದನ್ನ ಹೇಳ್ತೀನಿ.

ಮೊದ್ಲು ಕಿಡಿ ಯಾಕೆ ಹಾರುತ್ತೆ ಅಂತ ನೋಡಿ. ರೈಲ್ ಇಂಜಿನ್ ಚಿಮಣಿ ಎಷ್ಟು ಗಿಡ್ಡ ಅಂತ ನೋಡಿದ್ರಲ್ಲ, ಅಷ್ಟು ಗಿಡ್ಡ ಚಿಮಣಿ ತಾನಾಗೇ ಗಾಳಿ ಎಳೆಯಲ್ಲ. ಅದಕ್ಕೆ ಸಿಲಿಂಡರಲ್ಲಿ ಕೆಲಸ ಮುಗಿಸಿದ ಉಗೀನ ಚಿಮಣಿ ಕೆಳಗಿರೋ ಒಂದು ಸಣ್ಣ ಪೈಪಿಂದ ಮೇಲಕ್ಕೆ ಚಿಮ್ಮಿಸ್ತಾರೆ, ಅದನ್ನೇ ಬ್ಲಾಸ್ಟ್ ಪೈಪ್ ಅನ್ನೋದು. ಆ ಉಗಿ ಹೋಗ್ತಾ ಹೋಗ್ತಾ ಮುಂದಿನ ಗುಂಡು ಡಬ್ಬದೊಳಗಿನ, ಅಂದ್ರೆ ಸ್ಮೋಕ್‌ಬಾಕ್ಸಿನ, ಹೊಗೇನೆಲ್ಲ ಎಳ್ಕೊಂಡು ಹೋಗುತ್ತೆ, ಅಲ್ಲಿ ಖಾಲಿ ಆದಷ್ಟೂ ಹಿಂದ್ಗಡೆ ಬೆಂಕಿ ಉರಿಯೋ ಗೂಡು, ಅಂದ್ರೆ ಫೈರ್‌ಬಾಕ್ಸಿಂದ, ಬಾಯ್ಲರ್ ಒಳಗಿನ ಟ್ಯೂಬುಗಳ ಮೂಲಕ ಹೊಸ ಹೊಗೆ ಬರುತ್ತೆ, ಫೈರ್‌ಬಾಕ್ಸಿಗೆ ಕೆಳಗಿಂದ ಗಾಳಿ ನುಗ್ಗುತ್ತೆ. ನಾವು ಚುಕುಬುಕು ಅಂತೀವಲ್ಲ ಅದು ಇದೇ ಸದ್ದು, ಎರಡು ಸಿಲಿಂಡರ್ ಇಂಜಿನಲ್ಲಿ ಚಕ್ರ ಒಂದ್ ಸುತ್ತು ಸುತ್ತೋದ್ರೊಳಗೆ ನಾಲ್ಕು ಸಲ. ಇಂಜಿನ್ ಜಾಸ್ತಿ ಎಳೆದಷ್ಟೂ ಬೆಂಕಿಗೆ ಜಾಸ್ತಿ ಗಾಳಿ, ಹಂಗಾಗಿ ಬೆಂಕಿ ತಾನೇ ತಾನಾಗಿ ಏಳುತ್ತೆ, ಅದೇ ಅದರ ಚಂದ. ಅದೇ ಗಾಳಿ ಸಣ್ಣ ಸಣ್ಣ ಕೆಂಡಾನೂ ಎತ್ಕೊಂಡು ಹೋಗುತ್ತೆ, ಅದೇ ಕಾಟ.

ಅಪ್ಪ ಹೇಳ್ತಿದ್ದಿದ್ದು, ಜಾಲರಿ ಗೀಲರಿ ಎಲ್ಲ ಆಮೇಲೆ, ಕಿಡಿ ಹಾರೋದು ಬಿಡೋದು ಇರೋದು ಶವಲ್ ಹಿಡಿದವನ ಕೈಲಿ ಅಂತ. ಬೆಂಕಿ ತೆಳ್ಳಗಿದ್ದು ಎಲ್ಲೋ ಒಂದ್ಕಡೆ ತೂತು ಬಿತ್ತು ಅಂದ್ರೆ ಗಾಳಿ ಎಲ್ಲಾ ಅಲ್ಲೇ ನುಗ್ಗುತ್ತೆ, ತೂತಿನ ಸುತ್ತ ಇರೋ ಕೆಂಡ ಎಲ್ಲ ಎದ್ದು ಚಿಮಣಿಗೆ. ಪುಡಿ ಕಲ್ಲಿದ್ದಲು ಬಂದ್ರೆ ಮೊದ್ಲು ನೀರು ಚಿಮುಕಿಸಿ ನೆನೆಸೋರು, ಇಲ್ಲಾಂದ್ರೆ ಅದು ಬೆಂಕಿಗೆ ಬೀಳೋ ಮೊದ್ಲೇ ಹಾರೋಗ್ತಿತ್ತಂತೆ. ಡ್ರೈವರ್ ಕೈನೂ ಇದೆ, ಸ್ಟೇಷನ್ನಿಂದ ಹೊರಡುವಾಗ ಚಕ್ರ ಜಾರಿ ಗಿರ್ ಅಂತ ಸುತ್ತಿದ್ರೆ ಬ್ಲಾಸ್ಟ್ ಒಟ್ಟಿಗೆ ಹೊಡೆದು ಅರ್ಧ ಬೆಂಕೀನೇ ಮೇಲಕ್ಕೆ ಎತ್ತಿಬಿಡುತ್ತೆ. ರಾತ್ರಿ ಹೊತ್ತು ನೋಡಿದ್ರೆ ದೀಪಾವಳಿ ಹೂಕುಂಡ ಅಂತೆ. ಅಂಥ ಡ್ರೈವರ್ ಜತೆ ಡ್ಯೂಟಿ ಬಿದ್ರೆ ಅಪ್ಪ ಮನೆಗೆ ಬಂದು ಊಟ ಮಾಡ್ತಾ ಮಾಡ್ತಾನೂ ಬೈತಿದ್ರು.

ಹೆಬ್ಬಾಳ್ ಫಿಟ್ಟರ್:

ಮೇಲೆ ಹೇಳಿದ್ದು ಸರಿ, ಆದ್ರೆ ಎಲ್ಲಾ ಫೈರ್‌ಮನ್ ಕೈಲೇ ಇದೆ ಅನ್ನೋದನ್ನ ನಾನು ಒಪ್ಪಲ್ಲ ಸಾರ್. ಎಷ್ಟೇ ಚೆನ್ನಾಗಿ ಬೆಂಕಿ ಹಾಕಿದ್ರೂ ಇಂಜಿನ್ ಪೂರ್ತಿ ದಮ್ ಹಾಕಿ ಎಳೆಯುವಾಗ ಹಾಕಿದ ಕಲ್ಲಿದ್ದಲಲ್ಲಿ ಹತ್ತನೇ ಒಂದು ಪಾಲಿಗಿಂತ ಜಾಸ್ತಿನೇ ಉರೀದೆ ಹಂಗೇ ಟ್ಯೂಬ್ ದಾಟಿ ಬಂದಿರೋದು ಟೆಸ್ಟುಗಳಲ್ಲೇ ಸಿಕ್ಕಿದೆ, ಅದನ್ನ ಹಿಡಿಯೋಕೆ ವ್ಯವಸ್ಥೆ ಬೇಕೇ ಬೇಕು.

ವ್ಯವಸ್ಥೆ ಫೈರ್‌ಬಾಕ್ಸಲ್ಲೇ ಶುರು ಆಗುತ್ತೆ. ಟ್ಯೂಬ್ ಬಾಯಿಗೆ ಸ್ವಲ್ಪ ಕೆಳಗೆ ಬೆಂಕಿ ಇಟ್ಟಿಗೇಲಿ ಒಂದು ಕಮಾನು ಕಟ್ಟಿರ್ತಾರೆ, ಉರಿ ನೆಟ್ಟಗೆ ಟ್ಯೂಬಿಗೆ ಹೋಗೋ ಹಾಗಿಲ್ಲ, ಹಿಂದಕ್ಕೆ ಬಂದು ಕಮಾನಿನ ಮೇಲೆ ಸುತ್ಕೊಂಡು ಹೋಗ್ಬೇಕು. ದಾರಿ ಉದ್ದ ಆದಷ್ಟೂ ಸಣ್ಣ ಕಿಡಿ ಅಲ್ಲೇ ಉರಿದು ಮುಗಿಯುತ್ತೆ. ಆಮೇಲೆ ಸ್ಮೋಕ್‌ಬಾಕ್ಸ್. ಅಲ್ಲಿ ಟ್ಯೂಬುಗಳ ಮುಂದೆ ಒಂದು ತಗಡಿನ ಅಡ್ಡಗೋಡೆ ಇಳಿಬಿಟ್ಟಿರ್ತಾರೆ, ಹೊಗೆ ಅದಕ್ಕೆ ಬಡಿದು ಕೆಳಗಿಳಿದು ಗೋಡೆ ತಳದಿಂದ ನುಸುಳಿ ಮುಂದೆ ಬಂದು ಮತ್ತೆ ಮೇಲಕ್ಕೆ ತಿರುಗಿ ಜಾಲರಿ ದಾಟಿ ಚಿಮಣಿಗೆ ಹೋಗ್ಬೇಕು. ತಿರುವಲ್ಲಿ ಹೊಗೆ ತಿರುಗುತ್ತೆ, ಭಾರ ಇರೋ ಕೆಂಡ ತಿರುಗಲ್ಲ, ತಳಕ್ಕೆ ಬೀಳುತ್ತೆ. ಜಾಲರಿ ಕಣ್ಣು ಕಾಲಿಂಚು ಆಸುಪಾಸು, ಅದಕ್ಕಿಂತ ಸಣ್ಣ ಮಾಡಿದ್ರೆ ಕಟ್ಕೊಳ್ಳುತ್ತೆ, ಇಂಜಿನ್ ಉಗಿ ಮಾಡಲ್ಲ. ನಿಮ್ಮ ಆಲೆಮನೇಲಿ ಆಗಿದ್ದೂ ಅದೇ.

ಬ್ರಿಟಿಷ್ ರೈಲ್ವೇಲಿ ಇನ್ನೊಂದು ದಾರಿ ಹಿಡಿದ್ರು, ಕೆಂಡ ಹಿಡಿದಿಟ್ಕೊಳ್ಳೋದೇ ಬೇಡ, ತಗಡಿಗೂ ಜಾಲರಿಗೂ ಬಡಿದು ಬಡಿದು ಪುಡಿ ಮಾಡಿ ಕಳಿಸಿಬಿಡೋಣ, ಅಷ್ಟು ಸಣ್ಣ ಪುಡಿ ಗಾಳೀಲಿ ಹೋಗ್ತಾ ಆರಿಹೋಗುತ್ತೆ ಅಂತ. ಬೂದಿ ಬಾಚೋ ಕೆಲಸಾನೂ ಉಳೀತು. ಅಂಥ ಇಂಜಿನ್ ಬಾಗಿಲ ಮೇಲೆ ಎಸ್‌ಸಿ ಅಂತ ಸಣ್ಣ ಪ್ಲೇಟ್ ಇರ್ತಿತ್ತು, ಸೆಲ್ಫ್ ಕ್ಲೀನಿಂಗ್ ಅಂತ.

ಆ ಬಾಗಿಲ ವಿಚಾರಕ್ಕೆ ಬಂದ್ರೆ, ಮ್ಯೂಸಿಯಮ್ಮಲ್ಲಿ ಆ ಹಿರಿಯರು ಹೇಳಿದ್ದು ನೂರಕ್ಕೆ ನೂರು ಸರಿ. ಬಾಗಿಲು ಸರಿಯಾಗಿ ಕೂರದೆ ಒಂಚೂರು ಗಾಳಿ ಒಳಗೆ ಹೋದ್ರೂ ಎಳೆತ ಹೋಗುತ್ತೆ, ಸಾಲದ್ದಕ್ಕೆ ತಳದಲ್ಲಿ ಬಿದ್ದಿರೋ ಕೆಂಡಕ್ಕೆ ಗಾಳಿ ಸಿಕ್ಕಿ ಅಲ್ಲೇ ಹತ್ಕೊಂಡು ಬಾಗಿಲ ಕೆಳಭಾಗ ಸುಟ್ಟು ಕೆಂಪಗಾಗುತ್ತೆ. ಹಳೇ ಫೋಟೋಗಳಲ್ಲಿ ಬಾಗಿಲ ತಳದಲ್ಲಿ ಬಣ್ಣ ಸುಟ್ಟುಹೋಗಿರೋ ಕಲೆ ಕಾಣ್ಸಿದ್ರೆ ಅದು ಇದೇ.

ಚಾಮುಂಡಿ ಎಕ್ಸ್‌ಪ್ರೆಸ್:

ತಡೀತಿದ್ರು ತಡೀತಿದ್ರು ಅಂತೀರ, ಚಿಕ್ಕವಳಿದ್ದಾಗ ನಂಜನಗೂಡಿಗೆ ಹೋಗುವಾಗ ಕಿಟಕಿ ಪಕ್ಕ ಕೂತು ಕಣ್ಣಿಗೆ ಬಿದ್ದಿದ್ದ ಕರಿ ಹರಳನ್ನ ಅಮ್ಮ ಸೆರಗಿನ ತುದಿ ಉಂಡೆ ಮಾಡಿ ಬಾಯಿಂದ ಊದಿ ಊದಿ ಕಾವು ಕೊಟ್ಟು ತೆಗೆದಿದ್ದು ಇನ್ನೂ ನೆನಪಿದೆ 😄 ಜಾತ್ರೆಗೆ ಅಂತ ಹಾಕಿದ್ದ ಬಿಳೀ ಫ್ರಾಕು ತಲುಪೋಷ್ಟರಲ್ಲಿ ಚುಕ್ಕಿ ಚುಕ್ಕಿ.

ಹೆಬ್ಬಾಳ್ ಫಿಟ್ಟರ್:

ಅಕ್ಕ, ಆ ಹರಳು ಆರಿತ್ತು ತಾನೆ? ಹಂಗಾದ್ರೆ ಜಾಲರಿ ಕೆಲಸ ಮಾಡಿದೆ ಅಂತ ಲೆಕ್ಕ 😀

ಹಳೇ ಕಾಗದ:

ಒಂದು ಮುಖ್ಯ ವಿಷಯ ಯಾರೂ ಹೇಳಿಲ್ಲ, ಯಾವ ಉರುವಲು ಅನ್ನೋದು. ಕಲ್ಲಿದ್ದಲಿನ ಕೆಂಡ ಭಾರ, ಹೆಚ್ಚು ದೂರ ಹೋಗಲ್ಲ. ಸೌದೆ ಕೆಂಡ ಹಗುರ, ತೇಲ್ಕೊಂಡು ಹೋಗುತ್ತೆ, ಬಿದ್ದ ಮೇಲೂ ಜೀವ ಇರುತ್ತೆ. ಮೈಸೂರಿಗೆ ರೈಲು ಬಂದಿದ್ದು 1882ರಲ್ಲಿ, ಆ ಕಾಲಕ್ಕೆ ದಕ್ಷಿಣದಲ್ಲಿ ಇಂಜಿನ್ನಿಗೆ ಸೌದೆ ಹಾಕೋದು ಮಾಮೂಲು, ಮದ್ರಾಸ್ ಕಡೆ ರೈಲಿಗೆ ಅಂತಲೇ ಸರ್ವೆ ತೋಪು ಬೆಳೆಸ್ತಿದ್ರು. ಅಮೆರಿಕಾದಲ್ಲೂ ಸೌದೇನೇ. ಹಳೇ ಅಮೆರಿಕನ್ ಇಂಜಿನ್ ಚಿತ್ರಗಳಲ್ಲಿ ಮೇಲೆ ಅಗಲ ಕೆಳಗೆ ಸಣ್ಣ ಇರೋ ದೊಡ್ಡ ಚಿಮಣಿ ನೋಡಿರ್ತೀರಿ, ಅದು ಶೋಕಿಗಲ್ಲ. ಒಳಗೆ ಮಾಮೂಲಿ ಚಿಮಣಿ, ಅದರ ಬಾಯ ಮೇಲೆ ಒಂದು ಶಂಕು ತಲೆಕೆಳಗಾಗಿ ನೇತು ಹಾಕಿರ್ತಾರೆ, ಕಿಡಿ ಅದಕ್ಕೆ ಬಡಿದು ಪಕ್ಕಕ್ಕೆ ಹೊರಳಿ ಹೊರ ಚಿಮಣಿ ಹೊಟ್ಟೇಲಿ ಬೀಳುತ್ತೆ, ಮೇಲೆ ಜಾಲರಿ. ಆಮೇಲೆ ಕಲ್ಲಿದ್ದಲು ಬಂತು, ಹೊಟ್ಟೆ ಚಿಮಣಿ ಹೋಯ್ತು.

ಇನ್ನು ಬೆಳೆ ಸುಟ್ಟವನಿಗೆ ದುಡ್ಡು ಯಾರು ಕೊಡ್ತಿದ್ರು ಅನ್ನೋದು ಬೇರೆ ಕತೆ. ಬ್ರಿಟನ್ನಿನ ವೇಲ್ಸಲ್ಲಿ ಟ್ಯಾಫ್ ವೇಲ್ ಅನ್ನೋ ರೈಲ್ವೆ ಕಂಪನಿ ಮೇಲೆ ಒಬ್ಬ ಕೇಸ್ ಹಾಕಿದ್ದ, ಕಿಡಿ ಹಾರಿ ಅವನ ತೋಪಿಗೆ ಬೆಂಕಿ ಬಿದ್ದಿತ್ತು. ಕೊನೆಗೆ 1860ರಲ್ಲಿ ಕೋರ್ಟು ಹೇಳಿದ್ದೇನು ಅಂದ್ರೆ, ಇಂಜಿನ್ ಓಡಿಸೋಕೆ ಪಾರ್ಲಿಮೆಂಟೇ ಅನುಮತಿ ಕೊಟ್ಟಿದೆ, ಕಂಪನಿ ಜಾಗ್ರತೆ ವಹಿಸಿದೆ, ಹಂಗಾಗಿ ಹೊಣೆ ಇಲ್ಲ. ಅಂದ್ರೆ ಕಿಡಿ ಹಿಡಿಯೋ ಸಾಮಾನು ಹಾಕಿದ್ದೀವಿ ಅಂತ ತೋರಿಸಿದ್ರೆ ಸಾಕು, ರೈತ ಕೈ ತೊಳ್ಕೊಂಡ ಹಂಗೆ. ಅದು ಬದಲಾಗಿದ್ದು 1905ರ ರೈಲ್ವೇ ಫೈರ್ಸ್ ಆಕ್ಟ್ ಬಂದ್ಮೇಲೆ, ಅದ್ರಲ್ಲೂ ಬೆಳೆಗೆ 100 ಪೌಂಡ್ ತನಕ ಅಷ್ಟೇ. ನಲವತ್ತೈದು ವರ್ಷ ಬೇಕಾಯ್ತು ನೋಡಿ ಅಷ್ಟಕ್ಕೆ.

ಮೀಟರ್‌ಗೇಜ್ ಮಗ:

ಫಿಟ್ಟರ್ ಅಣ್ಣ, ವ್ಯವಸ್ಥೆ ಬೇಡ ಅಂದಿಲ್ಲ ನಾನು. ಆದ್ರೆ ಕೊನೆಗೆ ದೊಡ್ಡ ದೊಡ್ಡ ಇಂಜಿನಿಯರ್‌ಗಳು ಬಂದು ಮುಟ್ಟಿದ್ದೂ ಬೆಂಕಿ ಹತ್ರಾನೇ ಅಲ್ವಾ. ಅರ್ಜೆಂಟೀನಾದ ಪೋರ್ಟಾ ಅನ್ನೋರು ಮಾಡಿದ ಪದ್ಧತೀಲಿ ಬೆಂಕಿ ಹಾಸು ದಪ್ಪ ಇಡ್ತಾರೆ, ಕೆಳಗಿಂದ ಗಾಳಿ ಕಮ್ಮಿ ಬಿಡ್ತಾರೆ, ಉಳಿದ ಗಾಳಿ ಬೆಂಕಿ ಮೇಲಿಂದ ಪಕ್ಕದ ತೂತುಗಳಲ್ಲಿ ಬರುತ್ತೆ. ಕೆಳಗಿಂದ ಜೋರಾಗಿ ಗಾಳಿ ಹೊಡೆಯದಿದ್ರೆ ಕೆಂಡ ಏಳೋದೇ ಇಲ್ಲ. ದಕ್ಷಿಣ ಆಫ್ರಿಕಾದಲ್ಲಿ ವಾರ್ಡೇಲ್ ಅನ್ನೋ ಇಂಜಿನಿಯರ್ 1981ರಲ್ಲಿ ಇದನ್ನೇ 3450 ನಂಬರ್ ಇಂಜಿನ್ನಿಗೆ ಹಾಕಿದ್ರು, ರೆಡ್ ಡೆವಿಲ್ ಅಂತಾರಲ್ಲ ಅದು. ಹಾರಿದ ಮೇಲೆ ಹಿಡಿಯೋದು ಬೇರೆ, ಹಾರದಂಗೆ ನೋಡ್ಕೊಳ್ಳೋದು ಬೇರೆ.

ಆಮೇಲೆ ಎಲ್ರೂ ಚಿಮಣೀನೇ ನೋಡ್ತೀರ, ಕೆಳಗಡೆ ಬೂದಿ ತಟ್ಟೆ ಮರೀತೀರ. ಆಶ್‌ಪ್ಯಾನ್ ಬಾಗ್ಲು ಸರಿಯಾಗಿ ಮುಚ್ಚಿಲ್ಲಾಂದ್ರೆ ಲೈನ್ ಉದ್ದಕ್ಕೂ ಕೆಂಡ ಉದುರ್ತಾ ಹೋಗುತ್ತೆ, ಮರದ ಸ್ಲೀಪರಿಗೂ ಒಣಹುಲ್ಲಿಗೂ ಅದೇ ಸಾಕು. ಬೂದೀನ ಶೆಡ್ಡಿನ ಗುಂಡಿಗೇ ಹಾಕಿ ನೀರು ಹಾಕ್ಬೇಕಿತ್ತು.

ಕೆರಗೋಡು ಹುಡುಗ:

ಅಬ್ಬಾ, ಇಷ್ಟೊಂದು ವಿಷ್ಯ ಐತೆ ಅಂತ ಅನ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಹಂಗಾರೆ ನಾನೀಗ ಏನ್ ಮಾಡ್ಲಿ? ನಮ್ ಚಿಮಣಿಗೆ ಉಗಿ ಗಿಗಿ ಏನಿಲ್ಲ, ಬರೀ ಎತ್ತರದ ಎಳೆತ. ಒಲೆಯಿಂದ ನೆಲದೊಳಗೆ ಹೊಗೆ ಕಾಲುವೆ ಹೋಗಿ ಚಿಮಣಿ ಸೇರ್ತದೆ, ಮಧ್ಯೆ ಏನೂ ಇಲ್ಲ.

ಹೆಬ್ಬಾಳ್ ಫಿಟ್ಟರ್:

ಅದೇ ಮಧ್ಯೆ ಏನೂ ಇಲ್ಲದಿರೋದೇ ಪ್ರಾಬ್ಲಮ್. ಎತ್ತರದ ಎಳೆತ ತುಂಬಾ ಮೆತ್ತಗೆ, ಬಾಯಿಗೆ ಜಾಲರಿ ಹಾಕಿದ್ರೆ ಸತ್ತೇ ಹೋಗುತ್ತೆ. ಚಿಮಣಿ ಬುಡಕ್ಕೆ ಮುಂಚೆ ಕಾಲುವೇನ ಅಗಲ ಮಾಡಿ ಒಂದು ಸಣ್ಣ ಕೋಣೆ ಥರ ಕಟ್ಟಿಸಿ, ನೆಲ ಇನ್ನೂ ಎರಡಡಿ ಆಳಕ್ಕೆ ತೋಡಿ. ಅಗಲ ಆದ್ರೆ ಹೊಗೆ ನಿಧಾನ ಆಗುತ್ತೆ. ಮಧ್ಯೆ ಮೇಲಿಂದ ಒಂದು ಅಡ್ಡಗೋಡೆ ಇಳಿಬಿಡಿ, ಕೆಳಗೆ ಜಾಗ ಇರ್ಲಿ, ಆ ಜಾಗ ಕಾಲುವೆ ಬಾಯಿಗಿಂತ ಸಣ್ಣ ಆಗ್ಬಾರ್ದು, ಸಣ್ಣ ಆದ್ರೆ ಮತ್ತೆ ಎಳೆತ ಹೋಗುತ್ತೆ. ಹೊಗೆ ಇಳಿದು ಹತ್ತುವಾಗ ಸಿಪ್ಪೆ ಕೆಂಡ ಗುಂಡೀಲಿ ಬೀಳುತ್ತೆ. ಪೂರ್ತಿ ಅಲ್ಲ, ಸಿಪ್ಪೆ ಕೆಂಡ ಸೌದೆಗಿಂತ್ಲೂ ಹಗುರ, ಪುಡಿ ಹೋಗೇ ಹೋಗುತ್ತೆ, ದಪ್ಪಂದು ನಿಲ್ಲುತ್ತೆ. ಪಕ್ಕದಲ್ಲಿ ಬೂದಿ ಬಾಚೋಕೆ ಒಂದು ಕಿಂಡಿ ಇಟ್ಟು ಗಾಳಿ ಹೋಗದಂಗೆ ಮಣ್ಣು ಮೆತ್ತಿ ಮುಚ್ಚಿ, ಮ್ಯೂಸಿಯಮ್ಮಿನ ಗುಂಡು ಬಾಗಿಲ ಹಂಗೆ. ಸಿಪ್ಪೆ ಗುಡ್ಡೇನ ಗಾಳಿ ಬರೋ ದಿಕ್ಕಿಗೆ ಹಾಕಿ, ಆಗ ಹಾರಿದ ಕಿಡಿ ಅದರ ಮೇಲೆ ಬರಲ್ಲ.

ಮೀಟರ್‌ಗೇಜ್ ಮಗ:

ಉರಿ ಹಾಕೋ ಅಣ್ಣಂಗೂ ಹೇಳಿ, ಒಂದೇ ಸಲ ತೆಕ್ಕೆಗಟ್ಟಲೆ ತುರುಕದೆ ಸ್ವಲ್ಪ ಸ್ವಲ್ಪ ಹಾಕ್ಲಿ ಅಂತ. ಮೆತ್ತಗೆ ಹೇಳಿ, ಮೊದ್ಲೇ ಬೈದಿದ್ದಾರೆ.

ಕೆರಗೋಡು ಹುಡುಗ:

ಮೂರು ವಾರ ಆದ್ಮೇಲೆ ಬರೀತಾವ್ನಿ. ಕೋಣೆ ಕಟ್ಟಿಸ್ದೆ, ಹಳೇ ಇಟ್ಟಿಗೆ ಮನೇಲೇ ಇದ್ವು, ಕೂಲಿ ಒಂದೇ ಖರ್ಚು. ಮೊದಲ್ನೇ ದಿನ ಎಳೆತ ಕಮ್ಮಿ ಆಯ್ತು, ಅಡ್ಡಗೋಡೆ ಎಲ್ಡು ವರಸೆ ಇಟ್ಟಿಗೆ ಕಿತ್ತು ಮೇಲಕ್ಕೆತ್ತಿದ್ಮೇಲೆ ಸರಿ ಹೋಯ್ತು. ನಾಲ್ಕು ದಿನಕ್ಕೊಂದು ಸಲ ಬಾಚಿದ್ರೆ ಒಂದ್ ಮಂಕರಿ ತುಂಬ ಕರಿ ಬೂದಿ ಬತ್ತಾದೆ, ಇದೆಲ್ಲಾ ಮುಂಚೆ ಮೇಲೇ ಹೋಗ್ತಿತ್ತಾ ಅಂತ ಭಯ ಆಯ್ತು. ರಾತ್ರಿ ಇನ್ನೂ ಅಲ್ಲೊಂದು ಇಲ್ಲೊಂದು ಸಣ್ಣ ಕಿಡಿ ಕಾಣ್ತದೆ, ಮೇಲೇ ಆರೋಗ್ತದೆ. ಉರಿ ಹಾಕೋ ಅಣ್ಣ ಇನ್ನೂ ಒಪ್ಪಿಲ್ಲ, ಆದ್ರೆ ಕಿಂಡಿ ಮಣ್ಣು ಬಿರುಕು ಬಿಟ್ರೆ ನಾನು ಹೇಳೋ ಮುಂಚೆ ಅವನೇ ಮೆತ್ತಿರ್ತಾನೆ.