ಬೆಳ್ಳಿ ಕಡ್ಡಿಲೆ ಸಣ್ಣ ಪೋರ್ಟ್ರೇಟ್ ತೆಗಿಯೋದು ಹ್ಯಾಂಗ್ರಿ?

ಕಲಬುರಗಿ_ಸ್ಕೆಚ್:
ನಮಸ್ಕಾರ್ರಿ. ಕಲಬುರಗಿದಾಗ ಬಿಎಫ್ಎ ಓದ್ಲಕತ್ತೀನಿ. ನಾವು ಗೆಳೆಯರು ಒಬ್ಬರ ಮುಖ ಒಬ್ಬರು ತೆಗಿಬೇಕು ಅಂತ ಮಾತಾಗ್ಯದ, ಅದೂ ಅಂಗೈದಾಗ ಹಿಡಿಯೋವಷ್ಟು ಸಣ್ಣದು. ಹೆಂಡ್ರಿಕ್ ಗೊಲ್ಟ್ಜಿಯಸ್ ಅಂತ ಡಚ್ ಕಲಾವಿದ (1558-1617) ಹಿಂಗೇ ಭಾಳ ಸಣ್ಣ ಪೋರ್ಟ್ರೇಟ್ ತೆಗದಾನ, ಕೂದಲು ಕಾಲರ್ ಎಲ್ಲಾ ಎಳಿ ಎಳಿ ಕಾಣ್ತದ. ನಾ 4ಎಚ್ ಪೆನ್ಸಿಲ್‌ಲೆ ಟ್ರೈ ಮಾಡ್ದೆ, ಮೂಗಿನ ಹತ್ರ ಬಂದ್ರ ಎಲ್ಲಾ ಮಸಿ ಮಸಿ ಆಗ್ತದ್ರಿ. ಅವ ಯಾವ ಪೆನ್ಸಿಲ್ ಹಿಡಿತಿದ್ದ?

ಚಿತ್ರಮಾಸ್ತರ:
ತಮ್ಮಾ ಅದು ಪೆನ್ಸಿಲ್ ಅಲ್ಲ, ಲೋಹದ ಕಡ್ಡಿ, ಹೆಚ್ಚಾಗಿ ಬೆಳ್ಳಿ. ಸಿಲ್ವರ್‌ಪಾಯಿಂಟ್ ಅಂತಾರ. ಬರೇ ಹಾಳಿ ಮ್ಯಾಲೆ ಎಳದ್ರ ಏನೂ ಮೂಡಂಗಿಲ್ಲ, ಮೊದಲ ಸುಟ್ಟ ಎಲುಬಿನ ಪುಡಿಗೆ ಅಂಟು ಕಲಿಸಿ ಲೇಪ ಕೊಡ್ತಿದ್ರು, ಆ ಖರಕು ಲೇಪ ಬೆಳ್ಳಿನ್ನ ಚೂರು ಚೂರು ಉಜ್ಜಿ ಹಿಡ್ಕೋತದ. ನೀ ಎಷ್ಟೇ ಒತ್ತಿದ್ರೂ ಗೆರಿ ದಪ್ಪ ಆಗಂಗಿಲ್ಲ, ನೆರಳು ಬೇಕಂದ್ರ ಗೆರಿ ಪಕ್ಕ ಗೆರಿ ಹಾಕ್ಕೊಂತ ಹೋಗೋದೇ, ಅದಕ್ಕ ಅದು ಸಣ್ಣ ಸೈಜಿಗೇ ಛಲೋ ಒಪ್ತದ. ಗೊಲ್ಟ್ಜಿಯಸ್ ಮೂಲತಃ ತಾಮ್ರದ ತಗಡಿನ ಮ್ಯಾಲೆ ಕೊರೆಯೋ ಮನಷ್ಯ ನೋಡು, ಗೆರಿ ಲೆಕ್ಕ ಅವನ ಕೈಯಾಗೇ ಇತ್ತು. ಅದೂ ಎಂಥಾ ಕೈ, ಸಣ್ಣಂವ ಇದ್ದಾಗ ಬೆಂಕ್ಯಾಗ ಸುಟ್ಟು ಬಲಗೈ ಪೂರಾ ಬಿಚ್ಚಲಿಕ್ಕೇ ಬರ್ತಿದ್ದಿಲ್ಲ! ಒಬ್ಬರನ್ನೊಬ್ಬರು ತೆಗಿಯೋದು ಅಂದ್ಯಲ್ಲ, 1593ರಾಗ ಹಾನ್ಸ್ ಬೋಲ್ ತೀರ್ಕೊಂಡಾಗ ಅವನ ಮುಖ ತಗಡಿನ ಮ್ಯಾಲೆ ಕೊರೆದಂವ ಇವನೇ, ಆ ಬೋಲ್ ಸ್ವತಃ ಮಿನಿಯೇಚರ್ ಅಂದ್ರ ಭಾಳ ಸಣ್ಣ ಚಿತ್ರ ತೆಗಿಯೋ ಕಲಾವಿದ. ಅದೊಂದು ಹುಡುಕಿ ನೋಡು.

ಬೀದರ್‌_ಕೋಟಿ:
ಬೆಳ್ಳಿ ತಂತಿ ಬೇಕಂದ್ರ ನಮ್ಮ ಬೀದರ್‌ಗೆ ಬರ್ರಿ, ಬಿದ್ರಿ ಕೆಲಸದೋರ ಹತ್ರ ಕೇಳಿದ್ರ ಸಿಗ್ತದ. ಆದ್ರ ಮಾಸ್ತರ್ರೇ ನನಗೊಂದು ಡೌಟ್, ಈ ಗೆರಿ ಕಾಲ ಹೋದಂಗ ಕಂದು ಆಗ್ತದ ಅಂತಾರ. ಬಿದ್ರಿದಾಗ ಬೀದರ್ ಕೋಟಿ ಒಳಗಿನ ಮಣ್ಣು ಹಚ್ಚಿದ್ರ ಸತು-ತಾಮ್ರದ ಮೈ ಅಷ್ಟೇ ಕಪ್ಪಾಗ್ತದ, ಬೆಳ್ಳಿ ಹಂಗೇ ಹೊಳಿತದಲ್ರಿ?

ಚಿತ್ರಮಾಸ್ತರ:
ಆ ಮಣ್ಣಿನ ಕೆಲಸ ಬ್ಯಾರೆ. ಗಾಳ್ಯಾಗಿನ ಗಂಧಕಕ್ಕ ಬಿದ್ರಿ ಬೆಳ್ಳಿನೂ ಮಾಸ್ತದ, ನೀವು ತಿಕ್ಕಿ ಹೊಳಪ ಮಾಡ್ತೀರಿ. ಹಾಳಿ ಮ್ಯಾಲಿನ ಬೆಳ್ಳಿ ತಿಕ್ಲಿಕ್ಕೆ ಬರ್ತದೇನ್ರಿ? ಮೊದಲ ಬೂದು ಇರ್ತದ, ಆಮ್ಯಾಲೆ ಬೆಚ್ಚಗಿನ ಕಂದು. ನನಗಂತೂ ಆ ಕಂದೇ ಪಸಂದ.

ಸುರಪುರದಾಕಿ:
ನಮ್ಮ ಸುರಪುರದ ಸಣ್ಣ ಚಿತ್ರಗಳ ಮುಂದ ಇದು ಬಡವರ ಮನಿ ಊಟ ಅನಸ್ತದ ನೋಡ್ರಿ, ಅಲ್ಲಿ ಬಣ್ಣ ಬಂಗಾರ ಎಲ್ಲಾ ಅದ 😄 ಆದ್ರ ಡಚ್ ಕಲಾವಿದ ರೆಂಬ್ರಾಂಟ್ 1633ರಾಗ ಮದಿವಿ ನಿಶ್ಚಯ ಆದ ಮೂರನೇ ದಿನ ತನ್ನ ಹುಡುಗಿ ಸಾಸ್ಕಿಯಾನ್ನ ಬೆಳ್ಳಿ ಕಡ್ಡಿಲೆ ತೆಗದಾನಲ್ಲ, ಬರ್ಲಿನ್‌ದಾಗ ಅದ, ಅದು ನೋಡಿ ನಾ ಸುಮ್ಮನಾದೆ. ಎತ್ತರ 20 ಸೆಂಟಿಮೀಟರ್ ಸೈತ ಇಲ್ಲ.

ಕಲಬುರಗಿ_ಸ್ಕೆಚ್:
ಥ್ಯಾಂಕ್ಸ್ ರೀ ಎಲ್ಲಾರ್ಗೂ. ಎಲುಬಿನ ಪುಡಿ ಹಾಸ್ಟೆಲ್‌ದಾಗ ಸುಡ್ಲಿಕ್ಕೆ ಆಗಂಗಿಲ್ಲ, ಬ್ಯಾರೆ ಏನರ ನಡಿತದೇನ್ರಿ? ತಪ್ಪಾದ್ರ ರಬ್ಬರ್?

ಚಿತ್ರಮಾಸ್ತರ:
ಬಿಳಿ ಗ್ವಾಷ್ (ದಟ್ಟ ನೀರ್‌ಬಣ್ಣ) ನೀರಾಗ ತೆಳ್ಳಗ ಮಾಡಿ ದಪ್ಪ ಹಾಳಿಗೆ ಎರಡ್ಮೂರು ಕೋಟ್ ಹೊಡಿ, ಪೂರಾ ಒಣಗಲಿ. ಬೆಳ್ಳಿ ತಂತಿನ್ನ ಕ್ಲಚ್ ಪೆನ್ಸಿಲ್‌ದಾಗ (ಕಡ್ಡಿ ಬದಲಿಸೋ ಪೆನ್ಸಿಲ್) ಸಿಗಿಸಿ ತುದಿ ಸ್ಯಾಂಡ್‌ಪೇಪರ್ ಮ್ಯಾಲೆ ಗುಂಡಗ ಮಾಡ್ಕೊ, ಚೂಪ ಇದ್ರ ಲೇಪ ಹರಿತದ. ರಬ್ಬರ್ ಮರ್ತುಬಿಡು. ಗೆಳೆಯಗ ಅಲ್ಲಾಡದಂಗ ಕೂಡ ಅಂತ ಹೇಳು, ಮೊದಲ ಕಣ್ಣು ಹಿಡಿ.