ಪದಚರ್ಚೆ: ಒಂದೇ ‘ನಿರೋಧಕ’ಕ್ಕೆ ಎಷ್ಟು ಕೆಲಸ? (ಗ್ಲಾಕೋಮಾ ಫಲಕಕ್ಕೆ, ತುರ್ತು)

ಎಲ್ಲರಿಗೂ ನಮಸ್ಕಾರ.

ಕುಮಟೆಯ ಕಣ್ಣಿನ ಶಿಬಿರಕ್ಕೆ ಒಂದು ಫಲಕ, ಜೊತೆಗೆ ಎರಡು ಪುಟದ ಕೈಪತ್ರ ಕನ್ನಡಕ್ಕಾಗಬೇಕು. ನಾಳೆ ಬೆಳಿಗ್ಗೆ 10ಕ್ಕೆ ಫ್ಲೆಕ್ಸ್ ಅಂಗಡಿಗೆ ಫೈಲು ಹೋಗಬೇಕು.

ತೊಡಕು ‘ನಿರೋಧಕ’ದ್ದು. ಕೈಗೆ ಬಂದ ಕರಡಿನಲ್ಲಿ ಗ್ಲಾಕೋಮಾದ ಹನಿಗಳಲ್ಲಿ ಟಿಮೊಲಾಲ್ ‘ಬೀಟಾ ನಿರೋಧಕ’, ಡಾರ್ಜೊಲಮೈಡ್ ‘ಕಾರ್ಬಾನಿಕ್ ಅನ್‌ಹೈಡ್ರೇಸ್ ನಿರೋಧಕ’. ಎರಡನೇ ಪುಟ ಆಂಟಿಬಯಾಟಿಕ್‌ಗಳದ್ದು. ಅಲ್ಲಿ ಕ್ಲಾವುಲಾನಿಕ್ ಆಮ್ಲ ‘ಬೀಟಾ ಲ್ಯಾಕ್ಟಮೇಸ್ ನಿರೋಧಕ’ (ಪೆನಿಸಿಲಿನ್ ಒಡೆಯುವ ಬ್ಯಾಕ್ಟೀರಿಯಾದ ಕಿಣ್ವವನ್ನು ತಡೆಯುವಂಥದು), ಪೆನಿಸಿಲಿನ್‌ಗೆ ಬಗ್ಗದ ಬ್ಯಾಕ್ಟೀರಿಯಾ ‘ಪೆನಿಸಿಲಿನ್ ನಿರೋಧಕ’. ಮೊದಲ ಮೂರು ತಡೆಯುವಂಥವು, ಕೊನೆಯದು ತಡೆದುಕೊಳ್ಳುವಂಥದು. ಒಂದೇ ಹಾಳೆಯಲ್ಲಿ ಎರಡರ್ಥ ನಡೆಯುತ್ತದೆಯೇ? ‘ಗ್ಲಾಕೋಮಾ’ಕ್ಕೂ (ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಏರಿ ನೋಟ ಕಳೆಯುವ ರೋಗ) ಒಂದು ಪದ ಸೂಚಿಸಿ.

— ಅನುವಾದಕಿ, ಕುಮಟಾ

*

ನಡೆಯುವುದಿಲ್ಲ.

‘ನಿರೋಧ’ ಎಂದರೆ ಹಿಡಿದು ನಿಲ್ಲಿಸುವುದು. ಯೋಗಸೂತ್ರದಲ್ಲಿ ಚಿತ್ತವೃತ್ತಿನಿರೋಧ ಎನ್ನುವಾಗಿನ ಅರ್ಥವೇ. ಎದುರು ನಿಲ್ಲುವುದು ‘ಪ್ರತಿರೋಧ’. ಧಾತು ಒಂದೇ, ಉಪಸರ್ಗ ಬೇರೆ. ಬ್ಯಾಕ್ಟೀರಿಯಾಕ್ಕೆ ‘ಪ್ರತಿರೋಧಿ’, ಔಷಧಕ್ಕೆ ‘ನಿರೋಧಕ’. ಉಪಸರ್ಗದ ಬೆಲೆ ಗೊತ್ತಿಲ್ಲದವರು ಪರಿಭಾಷೆಗೆ ಕೈ ಹಾಕಿದರೆ ಇದೇ ಪಾಡು.

ಗ್ಲಾಕೋಮಾಕ್ಕೆ ‘ಅಧಿಮಂಥ’ ಇದೆ, ಸುಶ್ರುತನ ಕಾಲದ್ದು. ಹೊಸದು ಏಕೆ?

— ಶಿರಸಿಯಿಂದ

*

‘ಅಧಿಮಂಥ’ದಲ್ಲಿರುವುದು ಮಂಥ, ಕಡೆಯುವುದು. ಕಣ್ಣನ್ನು ಮಜ್ಜಿಗೆ ಕಡೆದಂತೆ ಆಗುವ ನೋವು. ಕಣ್ಣೊಳಗಿನ ನೀರು ಬಸಿದು ಹೋಗುವ ಕೋನ ಥಟ್ಟನೆ ಮುಚ್ಚಿಕೊಳ್ಳುವ ಬಗೆಗೆ ಅದು ಸರಿ: ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ. ಆದರೆ ಶಿಬಿರ ಹುಡುಕುವುದು ತೆರೆದ ಕೋನದ ಬಗೆಯನ್ನು. ಅದರಲ್ಲಿ ನೋವೇ ಇಲ್ಲ, ಅಂಚಿನ ನೋಟ ಸದ್ದಿಲ್ಲದೆ ಸವೆಯುತ್ತದೆ. ಫಲಕ ಓದಿದವರು ‘ನನಗೆ ನೋವಿಲ್ಲ’ ಎಂದು ಮುಂದೆ ನಡೆದಾರು.

ಕಾರವಾರದ ಕಡೆ ಮರಾಠಿಯಿಂದ ಬಂದ ‘ಕಾಚಬಿಂದು’ ಕೆಲವರಿಗೆ ಗೊತ್ತು. ಅದರ ಪಕ್ಕದಲ್ಲೇ ‘ಮೋತಿಬಿಂದು’ ಇದೆ, ಅದು ಪೊರೆ. ಎರಡೂ ‘ಬಿಂದು’ ಆದದ್ದರಿಂದ ಆಪರೇಷನ್ ಮಾಡಿಸಿದರೆ ಹೋದ ನೋಟ ವಾಪಸು ಬರುತ್ತದೆಂದು ತಿಳಿಯುವವರಿದ್ದಾರೆ. ಪೊರೆಗೆ ಆ ಮಾತು ಸರಿ. ಗ್ಲಾಕೋಮಾದಲ್ಲಿ ಹೋದ ನೋಟ ಹೋಯಿತು.

— ಕಾರವಾರ

*

ಸಂಸ್ಕೃತದವರ ಜಗಳದಲ್ಲಿ ಕನ್ನಡ ಎಲ್ಲಿ? ‘ತಡೆಮದ್ದು’ ಅನ್ನಿ. ಟಿಮೊಲಾಲ್ ‘ಹರಿವುತಡೆ’. ಆಂಟಿಬಯಾಟಿಕ್ ‘ನಂಜುತಡೆ’. ಪೊರೆ ಎಂಬ ಅಚ್ಚಗನ್ನಡ ಪದ ಹಾವಿಗೂ ಕಣ್ಣಿಗೂ ಸಾಲುತ್ತದೆಂದ ಮೇಲೆ ಉಳಿದದ್ದಕ್ಕೆ ಯಾಕೆ ಬರಗಾಲ?

— ಹೊನ್ನಾವರ

*

‘ಹರಿವುತಡೆ’ ತಪ್ಪು, ಅಪಾಯದ ತಪ್ಪು. ಕಣ್ಣೊಳಗೆ ನೀರು ಹುಟ್ಟುವುದು ಒಂದು ಕಡೆ, ಬಸಿದು ಹೋಗುವುದು ಇನ್ನೊಂದು ಕಡೆ. ಗ್ಲಾಕೋಮಾದಲ್ಲಿ ಕಟ್ಟಿಕೊಂಡಿರುವುದೇ ಹರಿವು! ಟಿಮೊಲಾಲ್ (0.5%, ದಿನಕ್ಕೆರಡು ಸಲ), ಡಾರ್ಜೊಲಮೈಡ್ (2%, ಮೂರು ಸಲ) ನೀರು ಹುಟ್ಟುವುದನ್ನು ಕಡಿಮೆ ಮಾಡುತ್ತವೆ. ಲ್ಯಾಟನೊಪ್ರೋಸ್ಟ್ (0.005%, ರಾತ್ರಿ ಒಂದೇ ಸಲ) ಏನನ್ನೂ ತಡೆಯುವುದಿಲ್ಲ, ಹೊರದಾರಿ ಸಡಿಲಿಸುತ್ತದೆ. ಗಜನಿ ಗದ್ದೆಯ (ಕರಾವಳಿಯ ಉಪ್ಪುನೀರಿನ ಗದ್ದೆ) ಬಾಗಿಲು ಕಂಡವರಿಗೆ ಬೇರೆ ವಿವರಣೆ ಬೇಡ: ಬರುವ ನೀರು ತಗ್ಗಿಸಬಹುದು, ಹೋಗುವ ಹಲಗೆ ಎತ್ತಬಹುದು. ಎರಡಕ್ಕೂ ‘ತಡೆ’ ಎಂದರೆ ಹೇಗೆ?

‘ನೇತ್ರಜಲ’ವೂ ಬೇಡ, ಕಣ್ಣೀರು ಎಂದೇ ಓದುತ್ತಾರೆ. ‘ಕಣ್ಣೊಳಗಿನ ನೀರು’ ಸಾಕು.

‘ಬೀಟಾ’ ಬಗ್ಗೆ ಯಾರೂ ಮಾತೆತ್ತಲಿಲ್ಲ. ಟಿಮೊಲಾಲ್‌ನ ಬೀಟಾ, ಅಡ್ರಿನಾಲಿನ್ ಗ್ರಾಹಕಗಳಿಗೆ 1948ರಲ್ಲಿ ಔಷಧವಿಜ್ಞಾನಿ ಅಹ್ಲಕ್ವಿಸ್ಟ್ ಹಚ್ಚಿದ ಗುರುತು. ಬೀಟಾ ಲ್ಯಾಕ್ಟಮ್‌ನ ಬೀಟಾ, ಪೆನಿಸಿಲಿನ್ ಒಳಗಿನ ನಾಲ್ಕು ಪರಮಾಣುಗಳ ಉಂಗುರದಲ್ಲಿ ಒಂದು ಕಾರ್ಬನ್ನಿನ ಜಾಗ; ಆ ಉಂಗುರ ಒಡೆಯುವ ಕಿಣ್ವ ಬೀಟಾ ಲ್ಯಾಕ್ಟಮೇಸ್. ನಂಟೇ ಇಲ್ಲ. ಮೊದಲ ಪುಟದಲ್ಲಿ ‘ಬೀಟಾ ನಿರೋಧಕ’, ಎರಡನೆಯದರಲ್ಲಿ ‘ಬೀಟಾ ಲ್ಯಾಕ್ಟಮೇಸ್ ನಿರೋಧಕ’ ಬಂದರೆ ಒಂದೇ ಎಂದುಕೊಳ್ಳದವರು ಯಾರು? ‘ಬೀಟಾ ಬ್ಲಾಕರ್’ ಎಂದೇ ಇಡಿ. ವೈದ್ಯರ ಚೀಟಿಯಲ್ಲೂ ಹಾಗೇ ಇರುತ್ತದೆ.

— ಅಂಕೋಲಾ, ಫಾರ್ಮಸಿ ಪಾಠ ಹೇಳುವವ

*

ಹಾಗಾದರೆ ಕನ್ನಡ ಯಾಕೆ, ಇಂಗ್ಲಿಷಲ್ಲೇ ಬರೆಯಿರಿ.

— ಹೊನ್ನಾವರ

*

ಬಸ್ಸು, ರೈಲು ಯಾವಾಗ ಬಿಟ್ಟೀರಿ ಮಾರಾಯ್ರೆ? ನಿಮ್ಮ ‘ಮದ್ದು’ ಪಟಾಕಿಯಲ್ಲೂ ಇದೆ. ‘ಮದ್ದು ಹಾಕಿದರು’ ಅಂದರೆ ಊರಲ್ಲಿ ಎಂತ ತಿಳಿಯುತ್ತಾರೆ ಗೊತ್ತಲ್ಲ? ಇನ್ನು ‘ನಿರೋಧ’ ಅಂದರೆ ಮೂರು ತಲೆಮಾರಿಗೆ ನೆನಪಾಗುವುದು ಸರ್ಕಾರದ ಆ ಪ್ಯಾಕೆಟ್ಟು. ಕಣ್ಣಿನ ಶಿಬಿರಕ್ಕೆ ಎರಡೂ ಬೇಡ.

— ಕಾರವಾರ

*

ಔಷಧದ ವರ್ಗದ ಹೆಸರು ರೋಗಿಗೆ ಬೇಕಾಗುವುದು ಒಂದೇ ಕಾರಣಕ್ಕೆ: ಯಾರಿಗೆ ಕೊಡಬಾರದು ಎಂದು ತಿಳಿಯಲು. ಟಿಮೊಲಾಲ್ ಕಣ್ಣಿಂದ ಮೂಗಿಗಿಳಿದು ರಕ್ತ ಸೇರುತ್ತದೆ. ಆಸ್ತಮಾ ಇದ್ದವರಿಗೆ ಉಬ್ಬಸ ಏಳಬಹುದು, ನಾಡಿ ನಿಧಾನ ಇದ್ದವರಿಗೆ ಇನ್ನೂ ನಿಧಾನವಾಗಬಹುದು. ಅವರೇ ಬಿ.ಪಿ.ಗೆ ಅಟೆನೊಲಾಲ್ ನುಂಗುತ್ತಿದ್ದರೆ ಅದೂ ಬೀಟಾ ಬ್ಲಾಕರ್, ಎರಡು ಕಡೆಯಿಂದ ಪೆಟ್ಟು. ಅದಕ್ಕೇ ‘ಕಣ್ಣಿನ ಬಿ.ಪಿ.’ ಎಂದು ಮಾತ್ರ ಬರೆಯಬೇಡಿ. ‘ಬಿ.ಪಿ. ಮಾತ್ರೆ ತಗೊಳ್ತೇನಲ್ಲ, ಹನಿ ಯಾಕೆ’ ಎನ್ನುತ್ತಾರೆ. ‘ಕಣ್ಣಿನ ಒತ್ತಡ (ಗ್ಲಾಕೋಮಾ)’ ಸರಿ.

ಕರಡಿನಲ್ಲಿ ಟಿಮೊಲಾಲ್‌ಗೆ ‘ದಿನಕ್ಕೆ ಎರಡು ಹನಿ’ ಎಂಬ ಸಾಲಿದ್ದರೆ ಅಳಿಸಿ. ಒಂದೇ ಸಲಕ್ಕೆ ಎರಡು ಬಿಡುತ್ತಾರೆ. ರೆಪ್ಪೆಯ ಸಂಚಿಯಲ್ಲಿ ಒಂದು ಹನಿಗೇ ಪೂರ್ತಿ ಜಾಗವಿಲ್ಲ, ಎರಡನೆಯದು ಕೆನ್ನೆಗೆ. ಸೀಸೆ ತಿಂಗಳ ಮೊದಲೇ ಖಾಲಿ. ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದು ಬಿಡಿಸಿ ಬರೆಯಿರಿ.

ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆ ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು; ಔಷಧ ಮೂಗಿಗಿಳಿಯುವುದು ಕಡಿಮೆಯಾಗುತ್ತದೆ. ‘ಕಣ್ಣು ಒತ್ತಿ’ ಎಂದು ಬರೆದೀರಿ, ಗುಡ್ಡೆಯನ್ನೇ ಅಮುಕುತ್ತಾರೆ. ಎರಡು ಬಗೆಯ ಹನಿ ಇದ್ದರೆ ನಡುವೆ 5 ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆಯುತ್ತದೆ.

ಎರಡನೇ ಪುಟಕ್ಕೆ ಒಂದು ಮಾತು. ‘ಆಂಟಿಬಯಾಟಿಕ್ ಹನಿ’ ಎಂದು ಕೆಂಗಣ್ಣಿಗೆ ಕೇಳಿ ಒಯ್ಯುವ ಎಷ್ಟೋ ಸೀಸೆಗಳಲ್ಲಿ ಮಾಕ್ಸಿಫ್ಲಾಕ್ಸಸಿನ್ ಜೊತೆ ಡೆಕ್ಸಾಮೆಥಸೋನ್ ಇರುತ್ತದೆ. ಅದು ಸ್ಟೀರಾಯ್ಡ್. ವಾರಗಟ್ಟಲೆ ಹಾಕಿಕೊಂಡರೆ ಕೆಲವರ ಕಣ್ಣಿನ ಒತ್ತಡ ಏರುತ್ತದೆ. ನಿಮ್ಮ ಎರಡು ಪುಟ ಕೂಡುವುದು ಇಲ್ಲೇ.

— ಔಷಧಿ ಅಂಗಡಿ, ಭಟ್ಕಳ

*

ಹಾಗಾದರೆ ‘ಆಂಟಿಬಯಾಟಿಕ್’ ಎಂದೇ ಉಳಿಸುವುದೋ? ಪಠ್ಯಪುಸ್ತಕದ ‘ಪ್ರತಿಜೈವಿಕ’ ಯಾರಿಗೆ ಬೇಡ?

— ಶಿರಸಿಯಿಂದ

*

ಪ್ರತಿಜೈವಿಕ, ಪ್ರತಿಕಾಯ, ಪ್ರತಿಜನಕ. ಒಂದು ಔಷಧ, ಒಂದು ನಮ್ಮ ರಕ್ತದಲ್ಲಿ ಹುಟ್ಟುವುದು, ಒಂದು ಅದನ್ನು ಕೆರಳಿಸುವುದು. ಪರೀಕ್ಷೆಯಲ್ಲಿ ಮಕ್ಕಳು ಅದಲುಬದಲು ಮಾಡುವುದು ನೋಡಿದರೆ ನೀವೇ ಪ್ರತಿರೋಧಿ ಆಗುತ್ತೀರಿ.

— ಅಂಕೋಲಾ

*

ಉಪಸರ್ಗ ಕಲಿಸದವರ ತಪ್ಪನ್ನು ಪದದ ಮೇಲೆ ಹಾಕಬೇಡಿ.

— ಶಿರಸಿಯಿಂದ

*

ಎಲ್ಲರಿಗೂ ಉಪಕಾರ. ಕೈಪತ್ರದಲ್ಲಿ ಬೀಟಾ ಬ್ಲಾಕರ್, ಆಂಟಿಬಯಾಟಿಕ್ ಹಾಗೇ ಇರುತ್ತವೆ. ಕ್ಲಾವುಲಾನಿಕ್ ಆಮ್ಲಕ್ಕೆ ‘ಬೀಟಾ ಲ್ಯಾಕ್ಟಮೇಸ್ ಕಿಣ್ವವನ್ನು ತಡೆಯುವುದು’, ಬ್ಯಾಕ್ಟೀರಿಯಾಕ್ಕೆ ‘ಪೆನಿಸಿಲಿನ್‌ಗೆ ಬಗ್ಗದ’. ‘ನಿರೋಧಕ’ ಎಲ್ಲೂ ಇಲ್ಲ. ಫಲಕ ಹೀಗೆ:

ಕಣ್ಣಿನ ಒತ್ತಡ (ಗ್ಲಾಕೋಮಾ): ನೋವಿಲ್ಲದೆ ನೋಟ ಕಳೆಯುವ ರೋಗ
ಹೋದ ನೋಟ ಮರಳದು. ಇದ್ದದ್ದನ್ನು ಹನಿ ಕಾಯುತ್ತದೆ.
ಆಸ್ತಮಾ, ಹೃದಯದ ತೊಂದರೆ ಇದ್ದರೆ ಹನಿ ಬರೆಸುವ ಮೊದಲೇ ಹೇಳಿ
ಒಂದು ಸಲಕ್ಕೆ ಒಂದೇ ಹನಿ
ದಯವಿಟ್ಟು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ

— ಅನುವಾದಕಿ, ಕುಮಟಾ

*

‘ದಯವಿಟ್ಟು’ ತೆಗೆಯಿರಿ. ಅಕ್ಷರ ಒಂದಿಂಚು ದೊಡ್ಡದಾದೀತು. ಓದಬೇಕಾದವರಿಗೆ ಕಣ್ಣು ಮಂದ.

— ಭಟ್ಕಳ