ನೆಸ್ಲರ್ ಹಾಕಿದ ಕೂಡ್ಲೆ ನೀರು ಮಬ್ಬಾಗತೈತಿ, ಬಣ್ಣ ಓದಾಕ ಆಗವಲ್ದು

ಗದಗ ತೊಟ್ಟಿ: ಮೀನಿನ ತೊಟ್ಟಿ ನೀರಾಗ ಅಮೋನಿಯಾ ನೋಡಾಕ ನೆಸ್ಲರ್ (ಅಮೋನಿಯಾ ಇದ್ರ ಹಳದಿ ಆಗೂ ಪಾದರಸದ ದ್ರಾವಣ) ಹಾಕಿದ್ರ ಹಳದಿ ಬರೂದು ಬಿಟ್ಟು ಹಾಲಿನಂಗ ಆಗತೈತಿ. ಆಮ್ಯಾಲೆ ತಳಕ್ಕ ಗಸಿ. ಡಿಸ್ಟಿಲ್ಡ್ ವಾಟರ್‌ದಾಗ ಏನೂ ಆಗಂಗಿಲ್ಲ. ತಲಿ ಕೆಟ್ಟೈತಿ, ಯಾರರ ಹೇಳ್ರಿ.

ಹಾವೇರಿ ಬ್ಯುರೆಟ್: ದ್ರಾವಣನ ಕೆಟ್ಟಿರಬೇಕ್ರಿ. 10 ಗ್ರಾಂ ಮರ್ಕ್ಯುರಿಕ್ ಅಯೊಡೈಡ್, 7 ಗ್ರಾಂ ಪೊಟ್ಯಾಸಿಯಂ ಅಯೊಡೈಡ್ ಸ್ವಲ್ಪ ನೀರಾಗ ಕರಗಿಸಿ, 50 ಮಿ.ಲೀ. ನೀರಾಗ 16 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ ಆರಿಸಿದ್ದಕ್ಕ ಕಲಕ್ಕೋತ ಹಾಕಿ, ಒಟ್ಟು 100 ಮಿ.ಲೀ. ಮಾಡಬೇಕು. ಪೊಟ್ಯಾಸಿಯಂ ಅಯೊಡೈಡ್ ಕಮ್ಮಿ ಬಿದ್ರ ಕೆಂಪು ಪುಡಿ ಕರಗದ ಉಳೀತೈತಿ.

ಗದಗ ತೊಟ್ಟಿ: ರೆಡಿಮೇಡ್ ಬಾಟ್ಲಿ ರೀ, ಹೊಸಾದು. ಗಸಿ ಬಿಳೀದು.

ಹಾವೇರಿ ಬ್ಯುರೆಟ್: ಹಂಗಾರ ಮುಚ್ಚಳ ಸಡಿಲಿದ್ದು ಹವಾದಾಗಿನ ಕಾರ್ಬನ್ ಡೈಆಕ್ಸೈಡ್ ಹೀರೈತಿ. ಬ್ಯಾರೆ ಮಾಡ್ಕೊರಿ.

ಧಾರವಾಡ ಕ್ಯುವೆಟ್: ಡಿಸ್ಟಿಲ್ಡ್ ವಾಟರ್ ತಿಳಿ ಇರತೈತಿ ಅಂದ ಮ್ಯಾಲೆ ಬಾಟ್ಲಿ ಯಾಕ ಬೈತೀರಿ? ತೊಟ್ಟಿಗೆ ಯಾವ ನೀರು?

ಗದಗ ತೊಟ್ಟಿ: ಬೋರಿಂದು. ಇಲ್ಲೆ ಎಲ್ಲಾರದೂ ಅದ ಅಲ್ಲೇನ್ರಿ.

ಧಾರವಾಡ ಕ್ಯುವೆಟ್: ಇದನ್ನ ಮೊದಲ ಹೇಳಬೇಕಿತ್ತು. ನೆಸ್ಲರ್ ಕಡು ಕ್ಷಾರ. ಗಡಸು ನೀರಾಗಿನ ಮೆಗ್ನೀಷಿಯಂ, ಕ್ಯಾಲ್ಸಿಯಂ ಅದರಾಗ ಬಿಳಿ ಗಸಿಯಾಗಿ ಬೀಳತಾವು. 100 ಮಿ.ಲೀ. ನೀರಿಗೆ 10% ಜಿಂಕ್ ಸಲ್ಫೇಟ್ 1 ಮಿ.ಲೀ. ಹಾಕಿ, 6 ನಾರ್ಮಲ್ ಸಾಂದ್ರತೆಯ ಕಾಸ್ಟಿಕ್ ಸೋಡಾ ದ್ರಾವಣ 0.4–0.5 ಮಿ.ಲೀ. ಹಾಕ್ರಿ, ಪಿಎಚ್ 10.5ಕ್ಕ ಬರಬೇಕು. ಗಸಿ ಕುಂತ ಮ್ಯಾಲೆ ಸೋಸ್ರಿ. ಮೊದಲಿನ 25 ಮಿ.ಲೀ. ಚೆಲ್ಲ್ರಿ, ಫಿಲ್ಟರ್ ಪೇಪರ್‌ದಾಗೂ ಅಮೋನಿಯಾ ಇರತೈತಿ. ಉಳಿದ 50 ಮಿ.ಲೀ.ಗೆ 50% ರೋಶೆಲ್ ಸಾಲ್ಟ್ (ಉಳಿದ ಕ್ಯಾಲ್ಸಿಯಂ, ಮೆಗ್ನೀಷಿಯಂ ಗಸಿ ಆಗದಂಗ ಹಿಡಿಯೂ ಉಪ್ಪು) 2 ಹನಿ, ಆಮ್ಯಾಲೆ ನೆಸ್ಲರ್ 1 ಮಿ.ಲೀ. 10 ನಿಮಿಷ ಬಿಟ್ಟು ಓದ್ರಿ. ಬ್ಲ್ಯಾಂಕ್‌ಗೂ (ಹೋಲಿಸಾಕ ಇಟ್ಟ ಡಿಸ್ಟಿಲ್ಡ್ ವಾಟರ್‌ಗೂ) ಇಷ್ಟೂ ಮಾಡಬೇಕು. ರೋಶೆಲ್‌ದಾಗೂ ಅಮೋನಿಯಾ ಇರತೈತಿ, 100 ಮಿ.ಲೀ. ದ್ರಾವಣ 70 ಆಗೂತನಕ ಕುದಿಸಿ ಮತ್ತ 100 ಮಾಡ್ಕೊರಿ.

ಉಣಕಲ್ ಗಪ್ಪಿ: ಪಾದರಸ ಯಾಕ ಬೇಕ್ರಿ? ಅಮೋನಿಯಾ ನೋಡಾಕ ಪಾದರಸ ಇಲ್ಲದ ಸ್ಯಾಲಿಸಿಲೇಟ್ ಕಿಟ್ ತರ್ರಿ. ನನ್ನ 300 ಲೀಟರ್ ತೊಟ್ಟಿಗೆ ಎರಡು ಕ್ಯಾನಿಸ್ಟರ್ ಫಿಲ್ಟರ್ ಅದಾವು, ಅಮೋನಿಯಾ ಸದಾ ಸೊನ್ನೆ.

ಹಾವೇರಿ ಬ್ಯುರೆಟ್: ಅವರು ಕೇಳಿದ್ದು ಮಬ್ಬಿಂದು, ನಿಮ್ಮ ಫಿಲ್ಟರಿಂದಲ್ಲ. ನೆಸ್ಲರ್ ಎರಡು ಹನಿಗೆ ಬಣ್ಣ ತೋರಿಸತೈತಿ, ಸ್ಯಾಲಿಸಿಲೇಟ್ ತಡಾ ಮಾಡತೈತಿ.

ಉಣಕಲ್ ಗಪ್ಪಿ: ತಡಾ ಆದ್ರೂ ಸಿಂಕಿಗೆ ಪಾದರಸ ಹೋಗಂಗಿಲ್ಲ.

ಧಾರವಾಡ ಕ್ಯುವೆಟ್: ಆ ಮಾತು ಖರೆ. ಕೈಗೆ ಗ್ಲೌಸ್ ಇರಲಿ. ಓದಿದ ನೀರು ಮೋರಿಗೆ, ತೊಟ್ಟಿಗೆ ಹಾಕಬ್ಯಾಡ್ರಿ. ಬ್ಯಾರೆ ಪ್ಲಾಸ್ಟಿಕ್ ಕ್ಯಾನ್‌ದಾಗ ಕೂಡಿಸಿ, ಮ್ಯಾಲೆ ಪಾದರಸ ಅಂತ ಬರದು, ಅಪಾಯಕಾರಿ ತ್ಯಾಜ್ಯ ತಗೊಳ್ಳೋರಿಗೆ ಕೊಡ್ರಿ.

ಗದಗ ತೊಟ್ಟಿ: ರೋಶೆಲ್ ಸಾಲ್ಟ್ ಇಲ್ಲೆ ಸಿಗವಲ್ದು.

ಧಾರವಾಡ ಕ್ಯುವೆಟ್: ಅದ ಕೆಲಸಕ್ಕ ಇಡಿಟಿಎ ಅನ್ನೂ ರಾಸಾಯನಿಕನೂ ನಡೀತೈತಿ. 60 ಮಿ.ಲೀ. ನೀರಾಗ 10 ಗ್ರಾಂ ಕಾಸ್ಟಿಕ್, ಅದರಾಗ 50 ಗ್ರಾಂ ಡೈಸೋಡಿಯಂ ಇಡಿಟಿಎ ಕರಗಿಸಿ ಅದರದು 1 ಹನಿ ಹಾಕ್ರಿ. ಆದ್ರ ಆಗ ನೆಸ್ಲರ್ 1 ಅಲ್ಲ, 2 ಮಿ.ಲೀ.